ಕ್ಯಾಂಟೀನ್‌ನಲ್ಲಿ ಮುಳುಗಿದ ಗೆಲಿಲಿಯೊ

ನಾನು ಬಳ್ಳಾರಿ ಹೊರವಲಯದ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ಪರ್ಚೇಸ್ ಸೆಕ್ಷನ್‌ನಲ್ಲಿದ್ದೇನೆ. ಬೇರಿಂಗ್, ಬೆಲ್ಟ್, ಕಿಲ್ನ್‌ಗೆ (ಅದಿರು ಕಾಯಿಸುವ ಭಟ್ಟಿಗೆ) ಬೇಕಾದ ಫೈರ್ ಬ್ರಿಕ್, ಇವೇ ನನ್ನ ಜಗತ್ತು. ಯಾವ ಮಾಲು ತರಿಸುವುದಿದ್ದರೂ ಮಾರುವವನಿಗೆ ನಾನು ಮೊದಲು ಕೇಳುವುದು ಒಂದೇ: ಇದು ಎಷ್ಟು ಬಿಸಿ ತಡೀತದೆ? ಗ್ರೀಸ್ ಡಬ್ಬಿಗೂ ಅದೇ ಪ್ರಶ್ನೆ. ಆ ಪ್ರಶ್ನೆಯನ್ನು ಒಂದೇ ಒಂದು ಸಲ ಕೇಳುವುದು ಮರೆತೆ, ಅದೂ ಒಂದು ಗಿಫ್ಟ್ ತರಿಸುವಾಗ.

ನಮ್ಮ ಲ್ಯಾಬಿನ ಹಿರಿಯ ಕೆಮಿಸ್ಟ್ ಏಪ್ರಿಲ್ 30ಕ್ಕೆ ರಿಟೈರ್ ಆಗುವವರಿದ್ದರು. ನಮ್ಮಲ್ಲಿ ರಿಟೈರ್ ಆದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಬೆಳ್ಳಿ ಗಣಪತಿ. ಜಾಸ್ತಿ ಪ್ರೀತಿ ಇದ್ದರೆ ಗೋಡೆ ಗಡಿಯಾರ. ಜಿಎಂ ಸಾರ್ ನನ್ನನ್ನು ಕರೆದು, "ಆ ಮನುಷ್ಯ ಜೀವನಪೂರ್ತಿ ಮಾಲಿನಲ್ಲಿ ಕಬ್ಬಿಣ ಎಷ್ಟು ಪರ್ಸೆಂಟ್ ಅಂತ ಹೇಳ್ತಾ ಬಂದಾರ, ಅವರಿಗೆ ಗಡಿಯಾರ ಕೊಡಾಕ ನನಗ ನಾಚಿಕೆ ಆಗ್ತದ, ಸೈನ್ಸಿನದು ಏನಾದ್ರೂ ನೋಡ್ರಿ" ಅಂದರು.

ಸುಮ್ನೆ ಸೈನ್ಸ್ ಗಿಫ್ಟ್ ಅಂತ ಹುಡುಕಿದೆ. ಬಂದದ್ದು ಬರೀ ಕಪ್ಪು, ಟೀ ಶರ್ಟು, ಕೀ ಚೈನು. ಮೇಲೆ ಐನ್‌ಸ್ಟೈನ್ ನಾಲಿಗೆ ಚಾಚಿದ ಫೋಟೊ, ಇಲ್ಲಾ ಆವರ್ತಕ ಕೋಷ್ಟಕ. ಅದು ಸೈನ್ಸ್ ಅಲ್ಲ, ಸೈನ್ಸಿನ ಸ್ಟಿಕ್ಕರ್. ಎರಡು ದಿನ ಹೀಗೇ ಹೋಯಿತು. ಆಮೇಲೆ ವಿಜ್ಞಾನ ಮ್ಯೂಸಿಯಂಗಳ ಅಂಗಡಿಗಳ ಪುಟ ತೆರೆದೆ: ಲಂಡನ್ನಿನ ಸೈನ್ಸ್ ಮ್ಯೂಸಿಯಂ, ಸ್ಯಾನ್ ಫ್ರಾನ್ಸಿಸ್ಕೊದ ಎಕ್ಸ್‌ಪ್ಲೊರೇಟೋರಿಯಂ, ಅಂಥವು. ಅಲ್ಲಿಯೂ ಕಪ್ಪುಗಳಿವೆ, ಇಲ್ಲ ಅನ್ನಲ್ಲ. ಆದರೆ ನಡುನಡುವೆ ಕೈಯಲ್ಲಿ ಹಿಡಿದು ಆಡಿಸಿದರೆ ಏನೋ ಒಂದನ್ನು ನಿಜವಾಗಿ ಮಾಡಿ ತೋರಿಸುವ ವಸ್ತುಗಳೂ ಇರುತ್ತವೆ. ಅಲ್ಲಿ ಕೊಂಡುಕೊಳ್ಳುವುದು ನಮಗೆ ಕಷ್ಟ. ಗಾಜು, ದ್ರವ ಅಂದರೆ ಹೊರದೇಶಕ್ಕೆ ಕಳಿಸಲು ಹಿಂದೇಟು ಹಾಕುತ್ತಾರೆ, ಕಳಿಸಿದರೂ ಸಾಗಾಟದ ಖರ್ಚು, ಕಸ್ಟಮ್ಸ್ ಸುಂಕ, ಕೊರಿಯರ್‌ನವರ ಕೆವೈಸಿ. ಗಿಫ್ಟ್ ಅಂತ ಬರೆದರೆ ಸುಂಕ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಆ ಸವಲತ್ತು 2019ರ ಡಿಸೆಂಬರ್‌ನಲ್ಲೇ ಹೋಯಿತು. ನಾನು ಮಾಡಿದ್ದು ಇಷ್ಟು: ಮ್ಯೂಸಿಯಂ ಅಂಗಡಿಯನ್ನು ಕೆಟಲಾಗ್ ತರ ಓದಿ, ವಸ್ತುವಿನ ಸರಿಯಾದ ಹೆಸರು ಬರೆದುಕೊಂಡು, ಆ ಹೆಸರಿನಿಂದ ನಮ್ಮ ದೇಶದ ಅಂಗಡಿಗಳಲ್ಲಿ ಹುಡುಕಿದೆ. ಸೈನ್ಸ್ ಗಿಫ್ಟ್ ಅಂದರೆ ಸಿಗದ್ದು ರೇಡಿಯೋಮೀಟರ್ (ಬೆಳಕು ಬಿದ್ದರೆ ಒಳಗಿನ ರೆಕ್ಕೆ ತಿರುಗುವ ಗಾಜಿನ ಬುರುಡೆ) ಅಂದ ಕೂಡಲೇ ಸಿಕ್ಕಿತು.

ಪಟ್ಟಿ ಹಿಡಿದುಕೊಂಡು ಜಿಎಂ ಹತ್ತಿರ ಹೋದೆ. ಮೊದಲನೆಯದು ಕ್ಲೈನ್ ಬಾಟಲಿ. ಕ್ಯಾಲಿಫೋರ್ನಿಯಾದಲ್ಲಿ ಕ್ಲಿಫರ್ಡ್ ಸ್ಟೋಲ್ ಅನ್ನುವ ಖಗೋಳ ವಿಜ್ಞಾನಿ ಇದನ್ನು ಮಾರುತ್ತಾರೆ, ಸ್ಟಾಕು ಇಟ್ಟಿರುವುದು ತಮ್ಮ ಮನೆಯ ನೆಲದಡಿಯ ಸಂದಿಯಲ್ಲಿ, ಹೊರಗೆ ತೆಗೆಯಲು ಒಂದು ಪುಟ್ಟ ರೋಬೋ. ಬಾಟಲಿಗೆ ಒಳಗು ಹೊರಗು ಅಂತ ಬೇರೆಬೇರೆ ಇಲ್ಲ ಅಂತ ವಿವರಿಸಿದೆ. "ಒಳಗೇ ಇಲ್ಲದ ಬಾಟ್ಲಿಗೆ ನಾನು ಸಹಿ ಹಾಕಂಗಿಲ್ಲ" ಅಂದರು. ಎರಡನೆಯದು ಅಮೊನೈಟ್, ಸುರುಳಿ ಚಿಪ್ಪಿನ ಹಳೇ ಕಡಲಜೀವಿಯ ಪಳೆಯುಳಿಕೆ. ಫೋಟೊ ನೋಡಿ, "ಇದು ಸಾಲಿಗ್ರಾಮ ಅಲ್ಲೇನ್ರಿ?" ಅಂದರು. ಹೌದು, ಗಂಡಕಿ ನದಿಯ ಸಾಲಿಗ್ರಾಮವೂ ಅಮೊನೈಟೇ. ಕೊಟ್ಟರೆ ನೇರ ದೇವರ ಕೋಣೆಗೆ ಹೋಗ್ತದೆ, ನಾಳೆಯಿಂದ ಮಡಿ, ಪೂಜೆ. ಬೇಡ ಅಂತಾಯಿತು.

ನನ್ನ ಮನಸ್ಸು ಇದ್ದದ್ದು ಮೂರನೆಯದರ ಮೇಲೆ. ಕಬ್ಬಿಣದ ಉಲ್ಕೆಯ ಒಂದು ಬಿಲ್ಲೆ. ಕೊಯ್ದು, ನಯ ಮಾಡಿ, ಆಸಿಡ್ ಹಚ್ಚಿದರೆ ಒಂದನ್ನೊಂದು ಹಾಯುವ ಗೆರೆಗಳು ಎದ್ದು ಬರುತ್ತವೆ, ವಿಡ್ಮನ್‌ಸ್ಟಾಟನ್ ವಿನ್ಯಾಸ ಅನ್ನುತ್ತಾರೆ. ಕಬ್ಬಿಣ, ನಿಕ್ಕಲ್ ಕೂಡಿದ ಲೋಹ ಲಕ್ಷಗಟ್ಟಲೆ ವರ್ಷ ನಿಧಾನಕ್ಕೆ ಆರಿದರೆ ಮಾತ್ರ ಆ ಗೆರೆ. ನಾವಾದರೆ ಕೂಲರ್ ಮೇಲೆ ನೀರು ಹೊಯ್ದು ಮಾಲು ಆರಿಸುವವರು. ಕಬ್ಬಿಣದ ಕೆಮಿಸ್ಟ್‌ಗೆ ಇದಕ್ಕಿಂತ ಬೇರೆ ಏನು ಬೇಕು? ತೊಂದರೆ ಏನೆಂದರೆ ಇದರಲ್ಲಿ ನಕಲಿ ಬಹಳ. ಅಸಲಿಯೋ ಅಲ್ಲವೋ ನೋಡಲು ಮೊದಲ ಹೆಜ್ಜೆ ನಿಕ್ಕಲ್ ಪರೀಕ್ಷೆ, ಡಿಎಂಜಿ ಅನ್ನುವ ರಾಸಾಯನಿಕ ಹಾಕಿದರೆ ಕೆಂಪಗಾಗಬೇಕು. ನಮ್ಮ ಕಾರ್ಖಾನೆಯಲ್ಲಿ ಅದನ್ನು ನಂಬಿಕೆಯಿಂದ ಮಾಡಿಕೊಡಬಲ್ಲವರು ಒಬ್ಬರೇ. ಅವರಿಗೇ ಅಲ್ವಾ ಗಿಫ್ಟು!

ಹಾಗಾಗಿ ಗೆಲಿಲಿಯೊ ಥರ್ಮಾಮೀಟರ್ ಹಿಡಿದೆ. ಉದ್ದನೆಯ ಗಾಜಿನ ಕೊಳವೆ, ಒಳಗೆ ತಿಳಿಯಾದ ದ್ರವ, ಅದರಲ್ಲಿ ಐದು ಬಣ್ಣದ ಗಾಜಿನ ಗುಂಡುಗಳು, ಪ್ರತಿಯೊಂದರ ಕೆಳಗೆ ಡಿಗ್ರಿ ಬರೆದ ಲೋಹದ ಚೀಟಿ. ದ್ರವ ಬಿಸಿಯಾದಂತೆ ಹಿಗ್ಗುತ್ತದೆ, ಸಾಂದ್ರತೆ ಕಮ್ಮಿಯಾಗುತ್ತದೆ, ಗುಂಡುಗಳು ಒಂದೊಂದಾಗಿ ಮುಳುಗುತ್ತವೆ. ತೇಲುತ್ತಿರುವವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದನ್ನು ಓದಿಕೊಳ್ಳುವುದು. ಇದನ್ನು ಗೆಲಿಲಿಯೊ ಮಾಡಿದ್ದೇ ಅಲ್ಲ. ಅವರು ತೀರಿಕೊಂಡದ್ದು 1642ರಲ್ಲಿ, ಇದು ಬಂದದ್ದು ಆಮೇಲೆ 1657ರಲ್ಲಿ ಶುರುವಾದ ಫ್ಲಾರೆನ್ಸ್‌ನ ಚಿಮೆಂಟೊ ಅಕಾಡೆಮಿಯಿಂದ. ಈ ಕಥೆ ಓದುತ್ತ ಓದುತ್ತ ನಾನು ಎಷ್ಟು ಮರುಳಾದೆನೆಂದರೆ, ಚೀಟಿಗಳ ಮೇಲೆ 18ರಿಂದ 26 ಅಂತ ಬರೆದದ್ದು ಫೋಟೊದಲ್ಲಿ ಕಣ್ಣೆದುರಿಗೇ ಇದ್ದರೂ ಅದರ ಅರ್ಥ ತಲೆಗೆ ಹೋಗಲಿಲ್ಲ.

ಮಾಲು ಬಂತು. ಸ್ಟೋರ್ಸ್‌ನಲ್ಲಿ ವಿಡಿಯೊ ಮಾಡಿಕೊಂಡೇ ಬಿಚ್ಚಿದೆವು (ಗಾಜಿನ ಮಾಲಿಗೆ ಇದನ್ನು ಮರೆಯಬೇಡಿ, ಆಮೇಲೆ ಒಡೆದಿತ್ತು ಅಂದರೆ ಯಾರೂ ಕೇಳಲ್ಲ). ಜಿಎಂ ಕ್ಯಾಬಿನ್‌ನ ಎಸಿಯಲ್ಲಿ ಒಂದು ದಿನ ಇಟ್ಟೆವು. ಎರಡು ಗುಂಡು ಮೇಲೆ, ಒಂದು ನಡುವೆ, ಎರಡು ಕೆಳಗೆ. ಎಲ್ಲರೂ ಬಂದು ನೋಡಿ ಹೋದರು. ಅಕೌಂಟ್ಸ್‌ನವರು ಮಾತ್ರ, ಗಿಫ್ಟ್ ಕೊಟ್ಟ ಮಾಲಿಗೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ಬರಲ್ಲ ಅಂತ ನೆನಪಿಸಿ ಹೋದರು. ಇನ್‌ಸ್ಪೆಕ್ಷನ್ ಪಾಸ್.

ಬೀಳ್ಕೊಡುಗೆ ಇದ್ದದ್ದು ಕ್ಯಾಂಟೀನ್‌ನಲ್ಲಿ. ತಗಡಿನ ಚಾವಣಿ, ಏಪ್ರಿಲ್ ಕೊನೆ, ಬಳ್ಳಾರಿ. ಜಾಸ್ತಿ ಹೇಳಬೇಕಾಗಿಲ್ಲ. ಎಲ್ಲರಿಗೂ ಕಾಣಲಿ ಅಂತ ನಾನೇ ಒಂದು ಗಂಟೆ ಮೊದಲು ಟೇಬಲ್ ಮೇಲೆ ಇಟ್ಟು, ಮೇಲೊಂದು ಶಾಲು ಹೊದಿಸಿದ್ದೆ. ಭಾಷಣ ಮುಗಿಯಿತು. ಜಿಎಂ ಶಾಲು ಸರಿಸಿದರು. ಐದೂ ಗುಂಡುಗಳು ತಳದಲ್ಲಿ, ಒಂದರ ಮೇಲೊಂದು, ಬಾವಿಗೆ ಬಿದ್ದ ಬಿಂದಿಗೆಗಳ ತರ. ಹಿಂದಿನಿಂದ ಕಿಲ್ನ್ ಹುಡುಗನೊಬ್ಬ "ಸಾರ್, ಕೆಟ್ಟೋಗ್ಯದ" ಅಂದ. ನಾನು ನೆಲ ನೋಡುತ್ತಾ ನಿಂತೆ.

ಕೆಮಿಸ್ಟ್ ಸಾರ್ ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು, ಚೀಟಿಗಳನ್ನು ಓದಿದರು. ನಕ್ಕರು. "ಕೆಟ್ಟಿಲ್ಲಪ್ಪ, ಖರೇನ ಹೇಳಾಕ ಹತ್ತೇತಿ. 26ಕ್ಕ ಇದರ ಲೆಕ್ಕ ಮುಗೀತು. ನಮ್ಮೂರಾಗ ಇದು ಫೆಬ್ರುವರಿಗೇ ರಿಟೈರ್ ಆಗ್ತದ, ನನಗಿಂತ ಮೊದಲು." ಆಮೇಲೆ ಅಲ್ಲೇ ನಿಂತು ಹುಡುಗರಿಗೆ ಸಾಂದ್ರತೆಯ ಪಾಠ ಮಾಡಿದರು. ಊಟ ಆರಿಹೋಯಿತು.

ಆವತ್ತಿನಿಂದ ಗಿಫ್ಟ್ ಇಂಡೆಂಟಿಗೂ ನಾನು ಬೇರಿಂಗಿನ ಪ್ರಶ್ನೆಗಳನ್ನೇ ಕೇಳುತ್ತೇನೆ: ಎಷ್ಟು ಬಿಸಿಯಲ್ಲಿ ನಡೀತದೆ, ಧೂಳು ತಡೀತದಾ, ಒಳಗಿನ ದ್ರವ ಏನು, ಪರೀಕ್ಷೆ ಮಾಡಿದ ಜಾಗ ಯಾವುದು. ಕೊನೆಯದು ಮುಖ್ಯ. ಕೊಡುವ ಜಾಗದಲ್ಲಿ ಇಟ್ಟು ನೋಡಬೇಕು, ಎಸಿ ಕ್ಯಾಬಿನ್‌ನಲ್ಲಲ್ಲ.

ಹಾಗೆ ನೋಡುತ್ತಾ ಹೋದಾಗ ನಮ್ಮ ಬಿಸಿಲನ್ನೇ ತಿಂದು ನಡೆಯುವ ವಸ್ತುಗಳೂ ಇವೆ ಅಂತ ಗೊತ್ತಾಯಿತು. ಮುಂದಿನ ಸೇಫ್ಟಿ ವೀಕ್ ಬಹುಮಾನಕ್ಕೆ ನೀರು ಕುಡಿಯುವ ಹಕ್ಕಿ ತರಿಸಿದೆ. 1946ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಹಳೇ ಆಟಿಕೆ. ಅದರ ಒದ್ದೆ ತಲೆಯಿಂದ ನೀರು ಆರುತ್ತದೆ, ತಲೆ ತಂಪಾಗುತ್ತದೆ, ಒಳಗಿನ ಆವಿ ಅಲ್ಲಿ ದ್ರವವಾಗಿ ಒತ್ತಡ ಇಳಿಯುತ್ತದೆ, ಹೊಟ್ಟೆಯ ದ್ರವ ಕತ್ತಿನೊಳಗೆ ಏರುತ್ತದೆ, ಹಕ್ಕಿ ಬಗ್ಗಿ ಲೋಟಕ್ಕೆ ಕೊಕ್ಕು ಅದ್ದುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೇ. ಒಣಹವೆ ಇದ್ದಷ್ಟೂ ಚುರುಕು, ಹಾಗಾಗಿ ನಮ್ಮ ಬೇಸಿಗೆ ಅದಕ್ಕೆ ಹಬ್ಬ. ಮಳೆ ಬಂದ ದಿನ ಸೋಮಾರಿ. ಒಂದೇ ಎಚ್ಚರ, ಒಳಗಿರುವುದು ಸಾಮಾನ್ಯವಾಗಿ ಡೈಕ್ಲೋರೋಮೀಥೇನ್, ಒಡೆದರೆ ಒಳ್ಳೆಯದಲ್ಲ, ಅದಕ್ಕೆ ಚಿಕ್ಕ ಮಕ್ಕಳಿರುವ ಮನೆಗೆ ಕೊಡಲಿಲ್ಲ. ಅವರಿಗೆ ಫೋಲ್ಡ್‌ಸ್ಕೋಪ್ ಕೊಟ್ಟೆವು, ಮನು ಪ್ರಕಾಶ್ ಅವರ ತಂಡ ಮಾಡಿದ ಕಾಗದದ ಸೂಕ್ಷ್ಮದರ್ಶಕ. 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಬಿದ್ದರೂ ಒಡೆಯಲ್ಲ. ರೇಡಿಯೋಮೀಟರ್ ಒಂದು ನನ್ನ ಕಿಟಕಿಯಲ್ಲೇ ಇದೆ, ಬಿಸಿಲು ಬಿದ್ದರೆ ಸಾಕು ಗಿರಗಿರ.

ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ ಆರೂವರೆಗೆ ಫೋನು. ಕೆಮಿಸ್ಟ್ ಸಾರ್. ಗಾಬರಿಯಿಂದ ಎತ್ತಿದೆ. "ತಮ್ಮಾ, ಎರಡು ಮ್ಯಾಲ ಬಂದಾವು ನೋಡು! 24ರದು, 26ರದು!" ಅವರ ಹಿಂದಿನಿಂದ ಅಮ್ಮಾವ್ರ ದನಿ: "ಅವು ಮುಳುಗೋಮಟ ಜಳಕಕ್ಕ ಹೋಗಂಗಿಲ್ಲ ಅಂತ ಕುಂತಾರ ನೋಡ್ರಿ."