ಹಸುವಿನ 14, ಮನುಷ್ಯನ 8: ಸುಳ್ಳು ಗೆರೆ ಅಳಿಸಿತು

ಹಸುವಿನ 14ನೇ ಕ್ರೋಮೋಸೋಮನ್ನು ಮನುಷ್ಯನ 8ರ ಎದುರು ಇಟ್ಟ ಡಾಟ್ ಪ್ಲಾಟ್ (ಎರಡರಲ್ಲೂ ಹೊಂದುವ ಜಾಗಗಳನ್ನು ಚುಕ್ಕಿಯಿಟ್ಟು ತೋರಿಸುವ ಚಿತ್ರ) ಕೊನೆಗೂ ನೆಟ್ಟಗಾಯಿತು. ಆರ್ಥೊಲಾಗ್ (ಎರಡೂ ಪ್ರಾಣಿಗಳಲ್ಲಿ ಒಂದೇ ಮೂಲದಿಂದ ಬಂದ ಜೀನ್) ಪಟ್ಟಿ ಇಳಿಸುವುದು, ಒಂದಕ್ಕೊಂದು ಜೋಡಿಗಳನ್ನು ಸೋಸುವುದು ಎಲ್ಲರಿಗೂ ಗೊತ್ತು, ಬಿಡಿ. ತಲೆ ತಿಂದಿದ್ದು ಸೆಂಟ್ರೋಮಿಯರ್ ಕಡೆಯ, ಅಂದರೆ ಹಸುವಿನಲ್ಲಿ ಎಣಿಕೆ ಶುರುವಾಗುವ ತುದಿ. ಒಂದೇ ಗೆರೆ ಇರಬೇಕಾದಲ್ಲಿ ಎರಡು: ಜೀನ್‌ಗಳದ್ದೊಂದು, ಎಸ್‌ಎನ್‌ಪಿ (ಡಿಎನ್‌ಎಯ ಒಂದಕ್ಷರದ ವ್ಯತ್ಯಾಸ) ಮಾರ್ಕರ್‌ಗಳದ್ದೊಂದು. ನೋಡಿದವರು ಡುಪ್ಲಿಕೇಶನ್ (ತುಂಡೊಂದು ಇಮ್ಮಡಿಯಾದದ್ದು) ಎಂದೇ ನಂಬಬೇಕು, ಹಾಗಿತ್ತು.

ಕಾರಣ ಅಸೆಂಬ್ಲಿ, ಅಂದರೆ ತುಂಡು ಜೋಡಿಸಿ ಕಟ್ಟಿದ ಜೀನೋಮ್ ಆವೃತ್ತಿ. ಜೀನ್‌ಗಳ ಸ್ಥಾನ 2018ರ ಎಆರ್‌ಎಸ್-ಯುಸಿಡಿ1.2ರದ್ದು, ಚಿಪ್ ಮ್ಯಾನಿಫೆಸ್ಟ್ (ಎಸ್‌ಎನ್‌ಪಿ ಓದುವ ಚಿಪ್ಪಿನ ಮಾರ್ಕರ್ ಪಟ್ಟಿ) ಹಳೆಯ ಯುಎಂಡಿ3.1ರದ್ದು. ಫೈಲ್ ಕೊಟ್ಟವರು ಅಸೆಂಬ್ಲಿಯ ಹೆಸರನ್ನೇ ಬರೆದಿಲ್ಲ, ಕಾಲಮ್ಮಿಗೆ ಬರೀ ‘ಪೊಸಿಷನ್’. ದುಡ್ಡು ಪಡೆದು ಕೊಡುವ ಫೈಲಿನಲ್ಲಿ ಇಷ್ಟೂ ಇರಬಾರದೇ? ಯಾವ ಅಸೆಂಬ್ಲಿ ಎಂಬ ಪತ್ತೆಗೆ ಡಿಜಿಎಟಿ1 ಜೀನ್ ಒಂದೇ ಸಾಕು. ಹಾಲಿನ ಕೊಬ್ಬು ಬದಲಿಸುವ ಅದರ ಕೆ232ಎ ವ್ಯತ್ಯಾಸ, ಅಂದರೆ ಡಿಎನ್‌ಎಯಲ್ಲಿ ಎಎ ಜಾಗದಲ್ಲಿ ಜಿಸಿ, ಹಳೆಯದರಲ್ಲಿ 18,02,265ರಲ್ಲಿದೆ, ಹೊಸದರಲ್ಲಿ 6,11,019ರಲ್ಲಿ.

ಹಾಗಾದರೆ ಎಲ್ಲದರಿಂದ 11,91,246 ಕಳೆದರಾಯಿತಲ್ಲ? ಆಗದು. ಪಿಎಲ್‌ಎಜಿ1 ಜೀನಿನ ಹತ್ತಿರ 2.5 ಕೋಟಿ ಇದ್ದದ್ದು 2.33 ಕೋಟಿಗೆ ಇಳಿಯುತ್ತದೆ, ವ್ಯತ್ಯಾಸ ಸುಮಾರು 17 ಲಕ್ಷ. ಈ ತುದಿ ಕೂಡಿಸಿದರೆ ಆ ಕಡೆ ಜಾರುತ್ತದೆ. ಹಳೆಯ ಅಂಕಿಯನ್ನು ಪೂರ್ತಿ ಮರೆತು, ಮ್ಯಾನಿಫೆಸ್ಟಿನ ಫ್ಲ್ಯಾಂಕ್ ಸೀಕ್ವೆನ್ಸನ್ನೇ (ಮಾರ್ಕರಿನ ಎರಡೂ ಪಕ್ಕದ ಡಿಎನ್‌ಎ ಅಕ್ಷರಗಳು) ಸೀಕ್ವೆನ್ಸ್ ಕೂಡಿಸುವ ತಂತ್ರಾಂಶ ಮಿನಿಮ್ಯಾಪ್2ರ ಶಾರ್ಟ್ ರೀಡ್ ಪ್ರಿಸೆಟ್‌ನಲ್ಲಿ ಹೊಸ ಅಸೆಂಬ್ಲಿಗೆ ಕೂಡಿಸಬೇಕು. ಮ್ಯಾಪಿಂಗ್ ಕ್ವಾಲಿಟಿ (ಸಿಕ್ಕ ಜಾಗ ಎಷ್ಟು ಖಚಿತ ಎಂಬ ಅಂಕ) 30ಕ್ಕಿಂತ ಕಡಿಮೆ ಇದ್ದದ್ದು ಕಸಕ್ಕೆ. ಹಿಟ್ ರಿವರ್ಸ್ ಸ್ಟ್ರ್ಯಾಂಡಿನಲ್ಲಿ (ಡಿಎನ್‌ಎಯ ಎದುರಿನ ಎಳೆಯಲ್ಲಿ) ಬಂದರೆ ಸ್ಥಾನವನ್ನು ಬಲ ಫ್ಲ್ಯಾಂಕಿನ ಉದ್ದದಿಂದ ಎಣಿಸಿ, ಅಲೀಲ್ (ಆ ಜಾಗದ ಪರ್ಯಾಯ ಅಕ್ಷರಗಳು) ಕೂಡ ತಿರುಗಿಸಿ. ಜಾಗಗಳನ್ನು ಬರೆಯುವ ಬೆಡ್ ಫೈಲ್ ಸೊನ್ನೆಯಿಂದ ಎಣಿಸುತ್ತದೆ, ವ್ಯತ್ಯಾಸಗಳನ್ನು ಬರೆಯುವ ವಿಸಿಎಫ್ ಒಂದರಿಂದ. ಕೆ232ಎಯಲ್ಲಿ ಬದಲಾಗುವ ಎರಡೂ ಬೇಸ್ (ಡಿಎನ್‌ಎ ಅಕ್ಷರ) ಅಕ್ಕಪಕ್ಕವೇ ಇರುವುದರಿಂದ ಇಲ್ಲಿ ಒಂದು ತಪ್ಪಿದರೂ ಬೇರೆಯೇ ಬೇಸ್ ಓದಿದಂತೆ.

ಈಗ ಸುಳ್ಳು ಗೆರೆ ಹೋಗಿದೆ, ನಿಜವಾದ ಬಿರುಕು ಎದ್ದು ಕಾಣುತ್ತಿದೆ. ಹಸುವಿನ ಕಡೆಯಿಂದ ಹೊರಟರೆ ಡಿಜಿಎಟಿ1, ಆಮೇಲೆ ಥೈರೊಗ್ಲೊಬ್ಯುಲಿನ್ ಜೀನ್: ಮನುಷ್ಯನಲ್ಲಿ ಇದು 8ರ ಉದ್ದ ತೋಳಿನ ತುದಿಯಿಂದ ಒಳಮುಖ. ಮುಂದೆ ಗೆರೆ ಕತ್ತರಿಸಿ ಅದೇ ಉದ್ದ ತೋಳಿನ 8ಕ್ಯು12 ಪಟ್ಟಿಯ ಪಿಎಲ್‌ಎಜಿ1ಗೆ ಹಾರುತ್ತದೆ, ಅಲ್ಲಿಂದ ಸಿಆರ್‌ಎಚ್, ಎಫ್‌ಎಬಿಪಿ4 ಜೀನ್‌ಗಳು ಎಂದು ಏರುತ್ತಾ ಹೋಗುತ್ತದೆ. ಎಷ್ಟು ಚೆಂದ!

ಮುಂದಿನದು ಎಮ್ಮೆ. ನಮ್ಮ ನದಿ ಎಮ್ಮೆಗೆ 50 ಕ್ರೋಮೋಸೋಮು, ಹಸುವಿಗೆ 60. ಎಮ್ಮೆಯ ಐದು ಜೋಡಿ ದೊಡ್ಡ ಕ್ರೋಮೋಸೋಮುಗಳಲ್ಲಿ ಪ್ರತಿಯೊಂದೂ ಹಸುವಿನ ಎರಡು ಸೇರಿ ಆದದ್ದು. ಮೊದಲನೆಯದು 1 ಮತ್ತು 27. ಈ 27ರಲ್ಲೇ ಮನುಷ್ಯನ 8ರ ಗಿಡ್ಡ ತೋಳಿನ ತುಂಡೂ ಇದೆ, ಹಾಗಾಗಿ ಶುರು ಅಲ್ಲಿಂದಲೇ.