ಗಡಿಯಾರವಿಲ್ಲದ ಘಂಟಾಘರ್

"ಇದೇ ಘಂಟಾಘರ್, ಇಳೀರಿ" ಎಂದು ಹಿಂದಿಯಲ್ಲಿ ಹೇಳಿ ಸೈಕಲ್ ರಿಕ್ಷಾದವನು ನಿಲ್ಲಿಸಿದ. ಘಂಟಾಘರ್ ಅಂದರೆ ಗಡಿಯಾರದ ಗೋಪುರ. ಇಳಿದು ಸುತ್ತ ನೋಡಿದೆ. ಗಡಿಯಾರವೂ ಇಲ್ಲ, ಗೋಪುರವೂ ಇಲ್ಲ. ಕೇಳೋಣ ಅಂದರೆ ಅವನು ಆಗಲೇ ಬೇರೆ ಸವಾರಿ ಹತ್ತಿಸಿಕೊಂಡು ಹೊರಟಿದ್ದ.

ದಿಲ್ಲಿಯ ಚಾಂದನಿ ಚೌಕಕ್ಕೆ ನಾನು ಹೋಗಿದ್ದು ಹಳೇ ಕಟ್ಟಡ ನೋಡಲಿಕ್ಕೆ. ಆದರೆ ಆ ದಿನ ಜಾಸ್ತಿ ಹೊತ್ತು ನಿಂತಿದ್ದು ಏನೂ ಇಲ್ಲದ ಈ ಜಾಗದಲ್ಲೇ.

ಶಹಜಹಾನನ ಮಗಳು ಜಹನಾರಾ 17ನೇ ಶತಮಾನದಲ್ಲಿ ಇಲ್ಲಿ ಒಂದು ಕೊಳ ಮಾಡಿಸಿದ್ದಳು. ಬೀದಿಯ ನಡುವೆ ಕಾಲುವೆ ಹರಿಯುತ್ತಿತ್ತು. ಕೊಳದಲ್ಲಿ ಬೆಳದಿಂಗಳು ಹೊಳೆಯುತ್ತಿದ್ದುದರಿಂದ ಚಾಂದನಿ ಚೌಕ ಎಂಬ ಹೆಸರು ಬಂತು ಅಂತಾರೆ. ಆಮೇಲೆ ಅದು ಇಡೀ ಬೀದಿಗೇ ಹಬ್ಬಿತು. ಪಕ್ಕದಲ್ಲಿ ದೂರದ ವ್ಯಾಪಾರಿಗಳು ಇಳಿದುಕೊಳ್ಳಲು ಅವಳೇ ಕಟ್ಟಿಸಿದ ದೊಡ್ಡ ಛತ್ರವಿತ್ತು. 1857ರ ದಂಗೆಯ ನಂತರ ಛತ್ರ ನೆಲಸಮವಾಗಿ ಅಲ್ಲಿ ಟೌನ್ ಹಾಲ್ ಎದ್ದಿತು. ಕೊಳವಿದ್ದ ಕಡೆ ಬ್ರಿಟಿಷರು ಗಡಿಯಾರದ ಗೋಪುರ ನಿಲ್ಲಿಸಿದರು. 1950ರ ದಶಕದ ಶುರುವಿನಲ್ಲಿ ಅದೂ ಕುಸಿಯಿತು, ಪ್ರಾಣಹಾನಿಯೂ ಆಯಿತು. ಮತ್ತೆ ಯಾರೂ ಕಟ್ಟಲಿಲ್ಲ. ಟೌನ್ ಹಾಲ್ ಮುಂದೆ ವಿಕ್ಟೋರಿಯಾ ರಾಣಿ ಇದ್ದಳಂತೆ. ಈಗ ಆರ್ಯಸಮಾಜದ ಸ್ವಾಮಿ ಶ್ರದ್ಧಾನಂದರ ಪ್ರತಿಮೆ ಇದೆ. ಪಾಲಿಕೆಯವರು ಹೊಸ ಕಟ್ಟಡಕ್ಕೆ ಹೋದ ಮೇಲೆ ಟೌನ್ ಹಾಲ್ ಸುಮ್ನೆ ನಿಂತಿದೆ. ಮುಂದೆ ಪಾರಿವಾಳಗಳ ಸಂತೆ.

ಲಾಲ್ ಕಿಲಾ ಕಡೆಗೆ ವಾಪಸ್ ನಡೆದೆ. ಭಾಗೀರಥ ಪ್ಯಾಲೇಸ್ ನೋಡಬೇಕಿತ್ತು. ಅದು ಬೇಗಂ ಸಮ್ರೂ ಮನೆ. ನರ್ತಕಿಯಾಗಿದ್ದವಳು ಸೈನ್ಯ ನಡೆಸಿ, ಮೀರತ್ ಹತ್ತಿರದ ಸರ್ಧಾನಾದ ಒಡತಿಯಾಗಿ, 1836ರಲ್ಲಿ ತೀರಿಕೊಂಡವಳು. ಅವಳ ನಂತರ ಮನೆ ಬ್ಯಾಂಕಾಯಿತು. 1857ರಲ್ಲಿ ದಾಳಿಗೆ ಸಿಕ್ಕಿ ಬ್ಯಾಂಕಿನ ಮ್ಯಾನೇಜರ್ ಕುಟುಂಬವೇ ಸತ್ತಿತು. 20ನೇ ಶತಮಾನದಲ್ಲಿ ಭಾಗೀರಥ ಮಲ್ ಎಂಬ ವ್ಯಾಪಾರಿ ಅದನ್ನು ಕೊಂಡರು. ಕಟ್ಟಿಸಿದವಳ ಹೆಸರು ಹೋಗಿ ಕೊಂಡವರ ಹೆಸರು ನಿಂತಿತು.

ಈಗ ಅದರ ಸುತ್ತ ವಿದ್ಯುತ್ ಸಾಮಾನಿನ ದೊಡ್ಡ ಮಾರುಕಟ್ಟೆ. ಸ್ವಿಚ್ಚು, ಬಲ್ಬು, ವೈರಿನ ಸುರುಳಿ. ತಲೆಯ ಮೇಲೂ ವೈರು. "ಬೇಗಂ ಸಮ್ರೂ ಮನೆ ಎಲ್ಲಿ?" ಅಂದೆ. ಅಂಗಡಿಯವರು ತಲೆ ಎತ್ತದೆ, "ಅಂಗಡಿ ನಂಬರ್ ಹೇಳಿ" ಎಂದರು. ಎರಡು ಸಲ ಅದರ ಮುಂದೆಯೇ ಹಾದು ಹೋಗಿದ್ದೆ. ಬೋರ್ಡುಗಳ ಹಿಂದೆ ದಪ್ಪ ಕಂಬ ಕಂಡಾಗಲೇ ಗೊತ್ತಾಗಿದ್ದು. 2022ರ ನವೆಂಬರಿನಲ್ಲಿ ಈ ಮಾರುಕಟ್ಟೆಗೆ ಬಿದ್ದ ಬೆಂಕಿ ಆರಲು ದಿನಗಳೇ ಹಿಡಿದವು. ಆ ವೈರುಗಳನ್ನು ನೋಡಿದರೆ ಆಶ್ಚರ್ಯವೇನೂ ಆಗಲ್ಲ.

ಕೊನೆಗೆ ಬೀದಿಯ ಇನ್ನೊಂದು ತುದಿಗೆ, ಫತೇಪುರಿ ಮಸೀದಿಗೆ ಬಂದೆ. ಶಹಜಹಾನನ ಪತ್ನಿಯೊಬ್ಬಳು 1650ರಲ್ಲಿ ಕಟ್ಟಿಸಿದ್ದು. 1857ರ ನಂತರ ಬ್ರಿಟಿಷರು ಇದನ್ನೂ ಹರಾಜು ಹಾಕಿದರು. ಲಾಲಾ ಚುನ್ನಾಮಲ್ ಎಂಬ ಸಾಹುಕಾರರು 19,000 ರೂಪಾಯಿಗೆ ಕೊಂಡರು. ಆದರೆ ಕೆಡವಲಿಲ್ಲ. 1877ರಲ್ಲಿ ಸರ್ಕಾರ ಅದಕ್ಕೆ ಬದಲಾಗಿ 4 ಹಳ್ಳಿ ಕೊಟ್ಟು ಮಸೀದಿಯನ್ನು ಮುಸಲ್ಮಾನರಿಗೆ ಹಿಂದಿರುಗಿಸಿತು. ಚುನ್ನಾಮಲ್ ಹವೇಲಿ ಇದೇ ಬೀದಿಯಲ್ಲಿ, ಕೆಳಗೆ ಅಂಗಡಿಗಳನ್ನು ಇಟ್ಟುಕೊಂಡು ಇನ್ನೂ ನಿಂತಿದೆ.

ಒಳಗೆ ಬಂದರೆ ಬೀದಿಯ ಗದ್ದಲ ಅರ್ಧಕ್ಕಿಳಿಯಿತು. ಅಂಗಳದಲ್ಲಿ ಕೈಕಾಲು ತೊಳೆಯುವ ಕೊಳ. ಇಡೀ ಬೀದಿಯಲ್ಲಿ ನನ್ನ ಕಣ್ಣಿಗೆ ಬಿದ್ದ ನೀರು ಅದೊಂದೇ. ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತೆ.