ಹಕ್ಕಿ ಸರಿ, ಹಡಗು ಯಾಕೆ ಮಾರಾಯ್ರೆ?

ಕನ್ನಡ ಕೂಟದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಕೇಳುತ್ತಾರೆ. ಊರಿಗೆ ಫೋನ್ ಮಾಡಿದರೆ ಅಲ್ಲೂ ಅದೇ. "ಹಕ್ಕಿ ಫೋಟೋ ತೆಗೀತೀರಿ, ಸರಿ. ಆ ತುಕ್ಕು ಹಿಡಿದ ಹಡಗುಗಳದ್ದು ಯಾಕೆ ತೆಗೀತೀರಿ?"

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಮನೆಯಿಂದ ಒಂದು ಗಂಟೆ ಕಾರು ಓಡಿಸಿದರೆ ಪೋರ್ಟ್ ಹ್ಯೂರಾನ್ ಎಂಬ ಊರು. ಅಲ್ಲಿ ಹ್ಯೂರಾನ್ ಸರೋವರದ ನೀರು ಬ್ಲೂ ವಾಟರ್ ಸೇತುವೆಯ ಕೆಳಗೆ ಇಕ್ಕಟ್ಟಿನಲ್ಲಿ ನುಗ್ಗಿ ಸೇಂಟ್ ಕ್ಲೇರ್ ನದಿಯಾಗುತ್ತದೆ. ಆಚೆ ದಡ ಕೆನಡಾ. ನದಿಯ ಉದ್ದ ಸುಮಾರು 65 ಕಿ.ಮೀ. ಅಷ್ಟೇ. ಆದರೆ ಸುಪೀರಿಯರ್, ಮಿಶಿಗನ್, ಹ್ಯೂರಾನ್ ಸರೋವರಗಳಿಂದ ಈರಿ ಸರೋವರಕ್ಕೆ ಹೋಗುವ ಹಡಗುಗಳಿಗೆಲ್ಲ ಇದೊಂದೇ ದಾರಿ. ಹಾಗಾಗಿ ಬೆಂಚಿನ ಮೇಲೆ ಸುಮ್ನೆ ಕೂತರೆ ಸಾಕು, ಅವೇ ನಮ್ಮ ಮುಂದೆ ಬರುತ್ತವೆ. ಇಲ್ಲಿನವರು ಅವನ್ನು ಹಡಗು ಅನ್ನುವುದೂ ಇಲ್ಲ, "ಬೋಟ್" ಅಂತಾರೆ. ಸಾವಿರ ಅಡಿ ಉದ್ದದ ಬೋಟ್! ಅಂಥವು ಒಟ್ಟು 13 ಇವೆ. ಎಲ್ಲಕ್ಕಿಂತ ಉದ್ದದ್ದು 1981ರಲ್ಲಿ ನೀರಿಗಿಳಿದ ಪಾಲ್ ಆರ್. ಟ್ರೆಗರ್ಥಾ, 1,013 ಅಡಿ ಚಿಲ್ಲರೆ. ಅದು ಎದುರಿಗೆ ಹಾದುಹೋಗುವಷ್ಟು ಹೊತ್ತು ಕೆನಡಾ ಕಾಣುವುದಿಲ್ಲ.

ಹಡಗಿನ ಹುಚ್ಚು ನನಗೆ ಹಿಡಿದದ್ದು ಇಲ್ಲಲ್ಲ. ನಾನು ಬೆಳೆದದ್ದು ಪಣಂಬೂರಿನ ಹತ್ತಿರ. ಕುದುರೆಮುಖದ ಅದಿರು ಪುಡಿಯಾಗಿ, ನೀರಿನೊಡನೆ ಕೆಸರಾಗಿ, ಸುಮಾರು 67 ಕಿ.ಮೀ. ಪೈಪಿನಲ್ಲಿ ಘಟ್ಟ ಇಳಿದು ಬರುತ್ತಿತ್ತು. ಪಣಂಬೂರಿನಲ್ಲಿ ಅದನ್ನು ಉಂಡೆ ಕಟ್ಟಿ, ಸುಟ್ಟು, ಹಡಗಿಗೆ ತುಂಬುತ್ತಿದ್ದರು. ಅಲ್ಲಿನ ಗಣಿ 2005ರ ಕೊನೆಗೆ ನಿಂತಿತು. ಎಷ್ಟೋ ವರ್ಷ ಆದ ಮೇಲೆ ಇಲ್ಲಿನ ರೈಲು ಹಳಿ ಪಕ್ಕ ಗೋಲಿಯಷ್ಟು ದೊಡ್ಡ ಕಂದು ಉಂಡೆಯೊಂದು ಸಿಕ್ಕಿತು. ಅದೇ ಬಣ್ಣ, ಕೈಗೆ ಅದೇ ಕೆಂಪು ಧೂಳು. ಇದು ಟ್ಯಾಕೊನೈಟ್, ಮಿನ್ನೆಸೋಟದ ಬಡ ಅದಿರು. ಅದನ್ನೂ ಹಾಗೇ ಪುಡಿಮಾಡಿ ಉಂಡೆ ಕಟ್ಟುತ್ತಾರೆ. ನನ್ನ ಮುಂದೆ ಹೋಗುವ ದೊಡ್ಡ ಬೋಟುಗಳ ಹೊಟ್ಟೆಯಲ್ಲಿ ಹೆಚ್ಚಾಗಿ ಇರುವುದು ಇದೇ, ಒಂದೊಂದರಲ್ಲೂ ಸುಮಾರು 60 ಸಾವಿರ ಟನ್ ಹಿಡಿಸುತ್ತದೆ. ಆ ಉಂಡೆ ಈಗ ನನ್ನ ಮೇಜಿನ ಮೇಲಿದೆ.

ಇದು ಅರ್ಧ ಉತ್ತರ. ಉಳಿದರ್ಧ ಇನ್ನೂ ಮಜಾ ಇದೆ. ಈ ನದಿಯಲ್ಲಿ ಹಕ್ಕಿ ಬೇರೆ, ಹಡಗು ಬೇರೆ ಅಂತ ಎಣಿಸಲು ಬರುವುದಿಲ್ಲ.

1988ರಲ್ಲಿ ಈ ನದಿ ಸೇರುವ ಸೇಂಟ್ ಕ್ಲೇರ್ ಸರೋವರದಲ್ಲಿ ಜೀಬ್ರಾ ಮಸಲ್ ಎಂಬ ಪಟ್ಟೆ ಚಿಪ್ಪಿ ಸಿಕ್ಕಿತು. ನಮ್ಮ ಕಡೆ ಮರುವಾಯಿ ಅಂತೇವಲ್ಲ, ಅದರ ದೂರದ ನೆಂಟ ಅನ್ನಿ. ಇದರ ತವರು ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಕಡೆ. ಸರಕಿಲ್ಲದ ಹಡಗು ಅಲುಗಾಡದಿರಲಿ ಎಂದು ಟ್ಯಾಂಕಿಗೆ ನೀರು ತುಂಬಿಕೊಳ್ಳುತ್ತಾರೆ. ಆ ನೀರಿನಲ್ಲಿ ಕೂತು ಇದು ಇಲ್ಲಿಗೆ ಬಂತು. 1990ರಲ್ಲಿ ಅದೇ ದಾರಿಯಲ್ಲಿ ಬಂದ ರೌಂಡ್ ಗೋಬಿ ಎಂಬ ಬೆರಳುದ್ದದ ಮೀನು ಇದೇ ನದಿಯಲ್ಲಿ ಸಿಕ್ಕಿತು. ಚಿಪ್ಪಿ ನೀರಿನ ಪೈಪುಗಳೊಳಗೆ ಬೆಳೆದು ಅವನ್ನು ಮುಚ್ಚಿತು, ಊರಿನ ಚಿಪ್ಪಿಗಳ ಮೇಲೆ ಹತ್ತಿ ಕೂತು ಅವನ್ನು ಕೊಂದಿತು. ನೀರನ್ನು ಸೋಸಿ ಸೋಸಿ ತಿಳಿಯಾಗಿಸಿತು, ನೋಡಲು ಚಂದ, ಆದರೆ ಸಣ್ಣ ಮೀನಿನ ಬಾಯಿಗೆ ಹೋಗಬೇಕಿದ್ದದ್ದೂ ಆ ಸೋಸುವಿಕೆಯಲ್ಲೇ ಹೋಯಿತು. ಇತ್ತ ಮುಳುಗುವ ಬಾತುಗಳು ಚಿಪ್ಪಿ ತಿನ್ನಲು ಕಲಿತವು. ನೀರುಕಾಗೆಗಳು ಗೋಬಿಗೆ ಬಿದ್ದವು. ನನ್ನ ಕ್ಯಾಮೆರಾದಲ್ಲಿ ನೀರುಕಾಗೆಯ ಕೊಕ್ಕಿನಲ್ಲಿ ಗೋಬಿ ಇದೆ, ಹಿಂದೆ ಮಸುಕಾಗಿ ಒಂದು ಹಡಗಿದೆ. ಈ ಚಿತ್ರದಿಂದ ಹಡಗನ್ನು ಕತ್ತರಿಸಿ ತೆಗೆಯಿರಿ ಅಂದರೆ ಹೇಗೆ ತೆಗೆಯಲಿ? ಈಗ ಸಮುದ್ರದಾಚೆಯಿಂದ ಬರುವ ಹಡಗು ನಡುಸಮುದ್ರದಲ್ಲೇ ಟ್ಯಾಂಕಿನ ನೀರು ಬದಲಿಸಿಕೊಂಡು ಬರಬೇಕು ಎಂಬ ನಿಯಮವಿದೆ. ಆದರೆ ಬಂದು ಮನೆ ಮಾಡಿದವು ಹೋಗುವುದಿಲ್ಲ.

ಫೋಟೋ ತೆಗೆಯಲು ಬರುವವರಿಗೆ ಎರಡು ಮಾತು. ಅಮೆರಿಕದ ದಡ ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ಬಂದರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ, ಮಧ್ಯಾಹ್ನದ ಮೇಲೆ ಬೆಳಕು ನಮ್ಮ ಬೆನ್ನ ಹಿಂದಿನಿಂದ ಹಡಗಿನ ಮೇಲೆ ಬೀಳುತ್ತದೆ. ಉದ್ದ ಲೆನ್ಸ್ ಹಿಡಿದು ದೂರದ ಹಡಗಿಗೆ ಗುರಿಯಿಟ್ಟರೆ ಚಳಿಗಾಲದಲ್ಲಿ ಚಿತ್ರ ನೀರಲ್ಲಿ ನೆನೆದ ಹಾಗೆ ಅಲುಗುತ್ತದೆ. ಅದು ಲೆನ್ಸಿನ ತಪ್ಪಲ್ಲ, ನೀರಿಗಿಂತ ಗಾಳಿ ತಣ್ಣಗಿರುವುದರ ಆಟ. ನಾನು ಇದು ಗೊತ್ತಾಗದೆ ಲೆನ್ಸ್ ರಿಪೇರಿಗೆ ಕೊಟ್ಟು ದುಡ್ಡು ಕಳೆದವನು. ಹಡಗು ಹತ್ತಿರ ಬರುವವರೆಗೆ ಕಾಯಿರಿ.

ಚಳಿಗಾಲವೇ ಯಾಕೆ ಅಂತಲೂ ಕೇಳುತ್ತಾರೆ. ಸುತ್ತಲಿನ ಕೆರೆಗಳೆಲ್ಲ ಹೆಪ್ಪುಗಟ್ಟಿದಾಗ ಸೆಳವಿರುವ ಈ ನೀರು ತೆರೆದಿರುತ್ತದೆ. ಕ್ಯಾನ್ವಾಸ್‌ಬ್ಯಾಕ್, ರೆಡ್‌ಹೆಡ್, ಗೋಲ್ಡನ್‌ಐ ಬಾತುಗಳು ಗುಂಪುಗುಂಪಾಗಿ ಇಲ್ಲಿಗೇ ಬರುತ್ತವೆ. ತೇಲುವ ಮಂಜುಗಡ್ಡೆಯ ಮೇಲೆ ಬಿಳಿತಲೆಯ ಹದ್ದು ಬಸ್ಸಿನಲ್ಲಿ ಕೂತ ಹಾಗೆ ಕೂತು ಕೆಳಗೆ ಹೋಗುತ್ತಿರುತ್ತದೆ. ಸುಪೀರಿಯರ್‌ನಿಂದ ಹಡಗುಗಳನ್ನು ಕೆಳಗಿನ ಸರೋವರಕ್ಕೆ ಇಳಿಸುವ ಸೂ ಲಾಕ್ಸ್ ಎಂಬ ನೀರುಬಾಗಿಲುಗಳನ್ನು ಜನವರಿ 15ಕ್ಕೆ ಮುಚ್ಚುತ್ತಾರೆ, ಮಾರ್ಚ್ 25ಕ್ಕೆ ತೆರೆಯುತ್ತಾರೆ. ಆ ನಡುವೆ ಸುಪೀರಿಯರ್‌ನಿಂದ ಅದಿರು ಬರುವುದಿಲ್ಲ, ಹಡಗು ವಿರಳ. ಆಗ ನಾನು ಬರೀ ಹಕ್ಕಿಯವನು, ಯಾರೂ ಏನೂ ಕೇಳುವುದಿಲ್ಲ.

ಒಂದು ಚಿತ್ರ ಮಾತ್ರ ಇನ್ನೂ ಸಿಕ್ಕಿಲ್ಲ. ಬೇಸಿಗೆಯ ಶುರುವಿನಲ್ಲಿ ಅದೇ ಸೇತುವೆಯ ಕೆಳಗೆ, ಆಳದ ಕಲ್ಲುಗಳ ನಡುವೆ, ಸ್ಟರ್ಜನ್ ಮೀನುಗಳು ಮೊಟ್ಟೆ ಇಡಲು ಬರುತ್ತವೆ. ಆಳೆತ್ತರ ಬೆಳೆಯುವ ಮೀನು, ನೂರು ವರ್ಷ ಮೀರಿ ಬದುಕಬಲ್ಲದು. ಈಗ ಅದೂ ಗೋಬಿ ತಿನ್ನುತ್ತದೆ. ಕೆಲವೊಮ್ಮೆ ನೀರಿನಿಂದ ಮೇಲಕ್ಕೆ ನೆಗೆಯುತ್ತದೆ, ಯಾಕೆಂದು ಸರಿಯಾಗಿ ಯಾರಿಗೂ ತಿಳಿದಿಲ್ಲ. ಹೋದ ಸಲ ನನ್ನೆದುರೇ ನೆಗೆಯಿತು. ನಾನಾಗ ಬಗ್ಗಿ ಲೆನ್ಸ್ ಬದಲಿಸುತ್ತಿದ್ದೆ, ಒಂದು ಹಡಗು ಬರುವುದಿತ್ತು. ತಲೆ ಎತ್ತಿದಾಗ ನೀರಿನ ಮೇಲೆ ಬಳೆಯಂಥ ಅಲೆ ಮಾತ್ರ ಇತ್ತು. ಪಕ್ಕದಲ್ಲಿ ಮೀನು ಹಿಡಿಯುತ್ತಿದ್ದ ಅಜ್ಜ ನನ್ನ ಕ್ಯಾಮೆರಾ ನೋಡಿ, ನನ್ನ ಮುಖ ನೋಡಿ, ಏನೂ ಹೇಳದೆ ಗಾಳದ ದಾರ ಸುತ್ತತೊಡಗಿದ.